ಒಳಚಕ್ರ ಎದ್ದಿತೇ ನೋಡಿ

ಮಾಲ್‌ನಲ್ಲಿ ಹತ್ತು ನಿಮಿಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಓಡಿಸುವ ಗೋ-ಕಾರ್ಟ್‌ಗೂ ರೇಸಿನ ಕಾರ್ಟ್‌ಗೂ ಇರುವುದು ದೂರದ ನಂಟು. ಬಾಡಿಗೆ ಕಾರ್ಟ್‌ನಲ್ಲಿರುವುದು ಪಂಪ್‌ಸೆಟ್ಟಿಗೂ ಜನರೇಟರ್‌ಗೂ ಬಳಸುವ ಜಾತಿಯ ಫೋರ್ ಸ್ಟ್ರೋಕ್ ಎಂಜಿನ್. ಸುತ್ತ ದಪ್ಪ ಬಂಪರ್, ಯಾರು ಬಂದು ಗುದ್ದಿದರೂ ತಡೆದುಕೊಳ್ಳುವಷ್ಟು ಭಾರ. ರೇಸ್ ಕಾರ್ಟ್ ಎಂದರೆ ಉಕ್ಕಿನ ಕೊಳವೆಗಳ ಒಂದು ಚೌಕಟ್ಟು, ಒಂದು ಸೀಟು, ಪಕ್ಕದಲ್ಲಿ 125 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಅಷ್ಟೆ. ಸಸ್ಪೆನ್ಷನ್ ಇಲ್ಲ, ಸಾಮಾನ್ಯ ವಿಭಾಗಗಳಲ್ಲಿ ಗೇರೂ ಇಲ್ಲ, ಸೀಟ್ ಬೆಲ್ಟಂತೂ ಇಲ್ಲವೇ ಇಲ್ಲ. ಬೆಲ್ಟ್ ಯಾಕಿಲ್ಲ ಅಂತ ಜಯನಗರದ ಯಾವ ಅಮ್ಮನಾದರೂ ಮೊದಲು ಕೇಳುತ್ತಾರೆ. ತಲೆಯ ಮೇಲೆ ರೋಲ್ ಕೇಜ್ ಇಲ್ಲದ ಗಾಡಿ ಮಗುಚಿದರೆ ಅದರ ಜೊತೆ ಕಟ್ಟಿಸಿಕೊಂಡು ಉರುಳುವುದಕ್ಕಿಂತ ಆಚೆ ಬೀಳುವುದೇ ವಾಸಿ, ಅದಕ್ಕೆ.

ನಮ್ಮ ಜಯನಗರದ ಕಡೆಯವರಿಗೆ ಇರುವ ಒಂದೇ ತೊಂದರೆ, ನೋಡಲೇಬೇಕಾದ ಟ್ರ್ಯಾಕ್ ಬೆಂಗಳೂರಿನ ಇನ್ನೊಂದು ತುದಿಯಲ್ಲಿರುವುದು. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾ ಮಾಜಿ ರೇಸರ್ ಅಕ್ಬರ್ ಇಬ್ರಾಹಿಂ ಅವರ ಮೆಕೊ ಮೋಟರ್‌ಸ್ಪೋರ್ಟ್ಸ್ ಕಟ್ಟಿದ್ದು. ರೋಟಾಕ್ಸ್ ಕಂಪನಿಯ ಎಂಜಿನ್ನುಗಳಲ್ಲೇ ಓಡುವ ರೋಟಾಕ್ಸ್ ಮ್ಯಾಕ್ಸ್ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಇಲ್ಲಿ ನಡೆದಿವೆ. ಭಾನುವಾರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಮುಗಿಸಿ ಬೆಳಗ್ಗೆ ಏಳಕ್ಕೇ ಹೊರಟುಬಿಡಿ. ಹತ್ತಕ್ಕೆ ಹೊರಟರೆ ನೀವು ಊರು ದಾಟುವಷ್ಟರಲ್ಲಿ ಕ್ವಾಲಿಫೈಯಿಂಗ್ ಮುಗಿದಿರುತ್ತದೆ. ಹುಚ್ಚು ಹತ್ತಿದ ಮೇಲೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಕೊಲ್ಹಾಪುರದ ಮೋಹಿತೆ ಟ್ರ್ಯಾಕ್, 2024ರಲ್ಲಿ ಚೆನ್ನೈ ಬಳಿ ಶುರುವಾದ ಮದ್ರಾಸ್ ಇಂಟರ್‌ನ್ಯಾಷನಲ್ ಕಾರ್ಟಿಂಗ್ ಅರೀನಾ ಎಲ್ಲ ಹೇಗೂ ಇದ್ದೇ ಇವೆ.

ಹೋದವರೆಲ್ಲ ಮೊದಲು ಫಿನಿಷ್ ಗೆರೆಯ ಎದುರು ನಿಲ್ಲುತ್ತಾರೆ. ಅಲ್ಲಿ ಕಾಣುವುದು ಬರೀ ವೇಗ, ಅದೂ ಕಣ್ಣಿಗೆ ಹಿಡಿಯದ ವೇಗ. ಟ್ರ್ಯಾಕಿನ ಅತಿ ಬಿಗಿಯಾದ ತಿರುವು ಯಾವುದು ಅಂತ ಕೇಳಿಕೊಂಡು, ಬೇಲಿಯ ಈಚೆ, ಆ ತಿರುವಿನ ಒಳಮೈಗೆ ನಿಲ್ಲಿ. ಹೋಗುವ ಕಾರ್ಟಿನ ಹಿಂಚಕ್ರಗಳನ್ನು ಮಾತ್ರ ನೋಡಿ, ಬೇರೇನೂ ಬೇಡ.

ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸ ಸರಿದೂಗಿಸಲು ಕಾರಿನಲ್ಲಿ ಡಿಫರೆನ್ಷಿಯಲ್ ಇದೆ. ಕಾರ್ಟಿನಲ್ಲಿ ಅದಿಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದು ಒಟ್ಟಿಗೇ ಸುತ್ತುತ್ತವೆ. ಹಾಗಾಗಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತೇನೆಂದು ಹಟ ಹಿಡಿಯುತ್ತದೆ. ಒಳಗಿನ ಹಿಂಚಕ್ರ ಒಂದು ಕ್ಷಣ ನೆಲ ಬಿಟ್ಟರೆ ಮಾತ್ರ ಅದು ತಿರುಗಲು ಒಪ್ಪುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಒಳಗಿನ ಮುಂಚಕ್ರ ಕೆಳಕ್ಕೆ ಒತ್ತುವಂತೆ ಮುಂಭಾಗದ ಕೋನಗಳನ್ನು ಇಟ್ಟಿರುತ್ತಾರೆ. ಚೌಕಟ್ಟು ತುಸು ತಿರುಚಿಕೊಳ್ಳುತ್ತದೆ, ಹಿಂದಿನ ಒಳಚಕ್ರ ಮೇಲೇಳುತ್ತದೆ. ಸಸ್ಪೆನ್ಷನ್ನಿನ ಕೆಲಸವನ್ನೂ ಚೌಕಟ್ಟೇ ಮಾಡಬೇಕು, ಅದಕ್ಕೇ ಆ ಕೊಳವೆಗಳ ಗಡಸುತನದ ಬಗ್ಗೆ ಅಷ್ಟೊಂದು ಚರ್ಚೆ.

ಒಳ್ಳೆಯ ಓಟಗಾರನ ಚಕ್ರ ಎದ್ದದ್ದು ಗೊತ್ತೇ ಆಗದಷ್ಟು ಏಳುತ್ತದೆ, ಟೈರಿನ ಕೆಳಗೆ ಒಂದು ಗೆರೆಯಷ್ಟು ಬೆಳಕು ಕಾಣಬೇಕು. ಅವನು ಸ್ಟಿಯರಿಂಗ್ ಸಡಿಲಿಸುತ್ತಿದ್ದಂತೆ ಚಕ್ರ ಮೆತ್ತಗೆ ಕೂತು ಎಂಜಿನ್ನಿನ ಬಲ ಹಿಡಿದುಕೊಳ್ಳುತ್ತದೆ. ಹೊಸಬನದು ಏಳುವುದೇ ಇಲ್ಲ, ಮುಂಚಕ್ರ ಅಡ್ಡಡ್ಡ ಜಾರಿ ಗಾಡಿ ಆಚೆ ಅಂಚಿಗೆ ಹೋಗುತ್ತದೆ. ಇನ್ನು ಕೆಲವರದು ಎದ್ದು ಕುಪ್ಪಳಿಸುತ್ತದೆ. ಟ್ರ್ಯಾಕಿನವರು ಅದಕ್ಕೆ ಹಾಪಿಂಗ್ ಅನ್ನುತ್ತಾರೆ. ಒಮ್ಮೆ ಇದು ಕಣ್ಣಿಗೆ ಬಿತ್ತೆಂದರೆ ಲ್ಯಾಪ್ ಟೈಮಿನ ಪರದೆ ನೋಡದೆಯೇ ಯಾರು ಚುರುಕು ಅಂತ ಹೇಳಬಲ್ಲಿರಿ.

ಆಮೇಲೆ ಕಣ್ಣು ಮುಚ್ಚಿ ಕೇಳಿ. ಎಂಟನೇ ಬ್ಲಾಕಿನ ಜಯರಾಮ ಸೇವಾ ಮಂಡಳಿಯಲ್ಲಿ ಕಛೇರಿ ಕೇಳುವ ಹಿರಿಯರು ತಾಳದಲ್ಲಿ ಹಾಡು ಎತ್ತಿಕೊಳ್ಳುವ ಎಡುಪು ಎಲ್ಲಿ ಬಿತ್ತು ಅಂತ ತೊಡೆ ತಟ್ಟಿ ಲೆಕ್ಕ ಇಡುತ್ತಾರಲ್ಲ, ಇಲ್ಲಿ ಲೆಕ್ಕ ಇಡಬೇಕಾದ್ದು ಆಕ್ಸಿಲರೇಟರ್ ಮತ್ತೆ ಯಾವಾಗ ಬಿತ್ತು ಎಂಬುದನ್ನು. ಬಲ್ಲವನ ಎಂಜಿನ್ ತಿರುವಿನಲ್ಲಿ ಒಮ್ಮೆ ತಗ್ಗಿ ಒಮ್ಮೆ ಏರುತ್ತದೆ, ಮಧ್ಯೆ ಬಿಕ್ಕುವುದಿಲ್ಲ. ಕಲಿಯುವವನದು ಏರಿ, ತಗ್ಗಿ, ಮತ್ತೆ ಏರುತ್ತದೆ. ಬೇಗ ಒತ್ತಿದ, ಗಾಡಿ ಜಾರಿತು, ಬಿಟ್ಟ, ಪುನಃ ಒತ್ತಿದ ಎಂದರ್ಥ. ತಿರುವಿನ ಆಚೆ ನೇರ ಹಾದಿ ಇದ್ದರೆ ಆ ಒಂದು ಬಿಕ್ಕಳಿಕೆಗೆ ಹಾದಿಯುದ್ದಕ್ಕೂ ದಂಡ ತೆರಬೇಕು.

ಓವರ್‌ಟೇಕ್ ನೋಡುವಾಗ ಹಿಂದೆ ಬರುವ ಮೂರನೆಯವನ ಮೇಲೂ ಒಂದು ಕಣ್ಣಿರಲಿ. ಮುಂದಿರುವವನು ಜಾಗ ಕೊಡಬಾರದೆಂದು ಒಳಮಗ್ಗುಲು ಹಿಡಿಯುತ್ತಾನೆ. ಎರಡನೆಯವನು ಆದರೂ ತಡವಾಗಿ ಬ್ರೇಕ್ ಹಾಕಿ ನುಗ್ಗುತ್ತಾನೆ. ಇಬ್ಬರೂ ತಿರುವನ್ನು ಅಗಲವಾಗಿ ಬಿಟ್ಟು ಹೊರಬರುವಾಗ ವೇಗ ಸತ್ತಿರುತ್ತದೆ. ಅಷ್ಟರಲ್ಲಿ ಮೂರನೆಯವನು ಮೊದಲೇ ನಿಧಾನಿಸಿ, ಒಳಗಿನಿಂದ ನೆಟ್ಟಗೆ ಹೊರಬಿದ್ದು ಇಬ್ಬರನ್ನೂ ಒಟ್ಟಿಗೆ ದಾಟಿರುತ್ತಾನೆ. ಜನ ಚಪ್ಪಾಳೆ ಹೊಡೆಯುವುದು ಮಾತ್ರ ನುಗ್ಗಿದವನಿಗೆ.

ರೇಸಿನ ನಡುವೆ ಬಿಡುವಾದಾಗ ಪ್ಯಾಡಕ್ ಕಡೆ ಹೋಗಿ. ಸಲಕರಣೆ ಆರಿಸುವ ಪಾಠ ಅಂಗಡಿಯಲ್ಲಲ್ಲ, ಅಲ್ಲಿ. ಮೆಕ್ಯಾನಿಕ್ ಮಂಡಿಯೂರಿ ಟೈರಿಗೆ ಗೇಜ್ ಇಡುತ್ತಾನೆ. ಕಾರಿನಲ್ಲಿ ಮೂವತ್ತು ಚಿಲ್ಲರೆ ಪಿಎಸ್‌ಐ ಇರುವ ಕಡೆ ಇಲ್ಲಿ ಹತ್ತರ ಆಸುಪಾಸು. ಅರ್ಧ ಪಿಎಸ್‌ಐ ಬಿಡುವುದಕ್ಕೂ ಡ್ರೈವರನ್ನು ಕರೆದು ಕೇಳುತ್ತಾನೆ. ಪಕ್ಕದ ಟೆಂಟಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಬದಲಿಸುತ್ತಿರುತ್ತಾರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು. ಚೆನ್ನೈಯಲ್ಲಿ ಚೆನ್ನಾಗಿ ಓಡಿದ ಎಂಜಿನ್ನಿಗೆ ಇಲ್ಲಿ ಇನ್ನೂ ಸಣ್ಣ ತೂತಿನ ಜೆಟ್ ಬೇಕು, ಇಲ್ಲದಿದ್ದರೆ ಪೆಟ್ರೋಲ್ ಜಾಸ್ತಿಯಾಗಿ ಕೆಮ್ಮುತ್ತದೆ. ಸಣಕಲು ಹುಡುಗರ ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದಿರುವುದನ್ನೂ ನೋಡಿ. ಗಾಡಿ ಮತ್ತು ಡ್ರೈವರ್ ಸೇರಿ ಇಷ್ಟು ತೂಕ ಇರಲೇಬೇಕೆಂಬ ನಿಯಮವಿದೆ. ರೇಸ್ ಮುಗಿದ ತಕ್ಷಣ ತಕ್ಕಡಿಯ ಮೇಲೆ ಹತ್ತಿಸುತ್ತಾರೆ. ತೂಕ ಕಡಿಮೆ ಬಿದ್ದರೆ ಗೆದ್ದ ರೇಸೂ ಹೋಯಿತು. ಅಲ್ಲೇ ಮುಂದಿನ ಬಂಪರನ್ನೂ ಪರೀಕ್ಷಿಸುತ್ತಾರೆ. ಯಾರನ್ನೋ ಹಿಂದಿನಿಂದ ತಳ್ಳಿದ್ದರೆ ಅದು ಒಳಕ್ಕೆ ಕುಸಿದಿರುತ್ತದೆ, ಸಮಯದ ದಂಡ ಬೀಳುತ್ತದೆ.

ಇಷ್ಟು ನೋಡಿದ ಮೇಲೆ ಮಗ ಅಥವಾ ಮಗಳು ತನಗೂ ಬೇಕೆಂದು ಹಟ ಹಿಡಿದರೆ, ದುಡ್ಡು ಮೊದಲು ಮೈಗೆ ಹಾಕಿ, ಗಾಡಿಗಲ್ಲ. ರಸ್ತೆಯಲ್ಲಿ ಹಾಕುವ ಐಎಸ್‌ಐ ಹೆಲ್ಮೆಟ್ ಸಾಲದು. ಕಾರ್ಟ್‌ಗೆಂದೇ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ 'ಕೆ' ದರ್ಜೆ ಇದೆ, ಮಕ್ಕಳ ಕತ್ತಿಗೆ ಭಾರವಾಗದಂತೆ 'ಸಿಎಂಆರ್' ದರ್ಜೆಯ ಹಗುರ ಹೆಲ್ಮೆಟ್ ಬೇರೆ ಇದೆ. ಎರಡನೆಯದು ಪಕ್ಕೆಲುಬಿನ ಕವಚ. ಸೀಟಿಗೆ ಮೆತ್ತೆ ಇರುವುದಿಲ್ಲ, ತಿರುವಿನ ಭಾರವೆಲ್ಲ ಪಕ್ಕೆಯ ಮೇಲೆ. ಸೂಟಿನ ಬಣ್ಣ ಆರಿಸುವುದು ಕೊನೆಗೆ, ಮಕ್ಕಳು ಅದನ್ನೇ ಮೊದಲು ಆರಿಸಿದರೂ. ಸೀಟಿನ ಅಳತೆಯಲ್ಲಿ 'ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ' ಎಂಬ ನಮ್ಮ ಯೂನಿಫಾರ್ಮ್ ಬುದ್ಧಿ ಬೇಡವೇ ಬೇಡ. ಸಡಿಲ ಸೀಟಿನಲ್ಲಿ ಮೈ ಅಲುಗಾಡಿದರೆ ಭಾರ ಸರಿಯಾದ ಹೊತ್ತಿಗೆ ಹೊರಚಕ್ರಕ್ಕೆ ಹೋಗುವುದಿಲ್ಲ, ಒಳಚಕ್ರ ಏಳುವುದಿಲ್ಲ.

ಗಾಡಿಯನ್ನು ಮೊದಲ ವರ್ಷ ಕೊಳ್ಳಲೇಬೇಡಿ ಎಂಬುದು ನನ್ನ ಮಾತು. ತಂಡದವರ ಕಾರ್ಟನ್ನೇ ಬಾಡಿಗೆಗೆ ಪಡೆದು ಓಡಲಿ. ಕೊಳ್ಳುವ ಕಾಲ ಬಂದಾಗ ಸೆಕೆಂಡ್ ಹ್ಯಾಂಡ್ ಚಾಸಿಯನ್ನು ಎತ್ತಿ ಅಡಿಭಾಗ ನೋಡಿ. ಕರ್ಬಿಗೆ ಉಜ್ಜಿ ಕೊಳವೆ ಚಪ್ಪಟೆಯಾಗಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಚೈನ್ ತೆಗೆದು ಆಕ್ಸಲನ್ನು ಕೈಯಿಂದ ಸುತ್ತಿಸಿ, ಬಾಗಿದ್ದರೆ ತುದಿ ಓಲಾಡುತ್ತದೆ. ವೆಲ್ಡಿಂಗ್ ಜಾಗಗಳಲ್ಲಿ ಪೇಂಟು ಹೊಸದಾಗಿ ಬಳಿದಿದ್ದರೆ ಯಾಕೆಂದು ಕೇಳಿ. ರೋಟಾಕ್ಸ್ ಎಂಜಿನ್ ಆದರೆ ಸೀಲ್ ಒಡೆದಿಲ್ಲ ತಾನೇ, ಅದರ ದಾಖಲೆ ಪುಸ್ತಕ ಇದೆಯೇ, ರೀಬಿಲ್ಡ್ ಆಗಿ ಎಷ್ಟು ಗಂಟೆ ಓಡಿದೆ, ಮೂರನ್ನೂ ಕೇಳಿ. ಎಲ್ಲರ ಎಂಜಿನ್ ಒಂದೇ ಬಗೆಯದಾಗಿರಲಿ ಅಂತಲೇ ಆ ಸೀಲ್. ಪ್ರತಿ ವರ್ಷದ ರೋಟಾಕ್ಸ್ ಗ್ರ್ಯಾಂಡ್ ಫೈನಲ್ಸ್‌ನಲ್ಲಂತೂ ಯಾರಿಗೆ ಯಾವ ಎಂಜಿನ್ ಎಂದು ಚೀಟಿ ಎತ್ತಿ ಹಂಚುತ್ತಾರೆ. ಮಿನರ್ವ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ಇಳಿದರೆ ಸ್ಪ್ಯಾನರು, ಗೇಜು, ಕೇಬಲ್ ಟೈ ಸಿಗುತ್ತವೆ. ಬೈಕಿನ ಚೈನ್ ತಂದು ಹಾಕಲು ಹೋಗಬೇಡಿ, ಕಾರ್ಟಿಗೆ 219 ಎಂಬ ಸಣ್ಣ ಕೊಂಡಿಯದೇ ಆಗಬೇಕು.

1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಇಟ್ಟು ಮೊದಲ ಕಾರ್ಟ್ ಕಟ್ಟಿದಾಗ ಇದು ಬಡವರ ರೇಸಾಗಿತ್ತು. ಈಗ ಹಾಗಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಟೈರು, ಎಂಟ್ರಿ ಫೀ, ಮೆಕ್ಯಾನಿಕ್, ಪರವೂರಿನ ಓಡಾಟ ಸೇರಿದರೆ ಮಧ್ಯಮ ವರ್ಗದ ಮನೆಯ ಲೆಕ್ಕಪುಸ್ತಕ ನಲುಗುತ್ತದೆ. ಆದರೂ ಈ ಊರಿನಿಂದಲೇ ಹುಡುಗರು ಮೇಲಕ್ಕೆ ಹೋಗಿದ್ದಾರೆ. ಕಾರ್ಟಿಂಗ್‌ನಿಂದ ಬಂದ ಯಶ್ ಆರಾಧ್ಯ 2020ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಪಡೆದರು, ಮೋಟರ್ ಕ್ರೀಡೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದರು.

ರೇಸಿಗಿಳಿಯಲು ದೇಶದ ಮೋಟರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಬೇಕು. ಅದಕ್ಕೆ ಮುಂಚೆ ತರಬೇತಿ, ವೈದ್ಯರ ಪ್ರಮಾಣಪತ್ರ. ನೋಡಲು ಹೋಗುವವರಿಗೆ ಇದಾವುದೂ ಬೇಡ, ಕಿವಿಗೆ ಒಂದಿಷ್ಟು ಹತ್ತಿ ಸಾಕು. ಹೆಸರಾದವರ ಸೀನಿಯರ್ ಫೈನಲ್ ನೋಡಿದರಾಯಿತು ಎಂದು ಮಧ್ಯಾಹ್ನ ಹೋಗಬೇಡಿ. ಏಳೆಂಟು ವರ್ಷದ ಮಕ್ಕಳಿಂದ ಶುರುವಾಗುವ ಮೈಕ್ರೊ ಮ್ಯಾಕ್ಸ್ ವಿಭಾಗದ ರೇಸ್ ನೋಡಿ. ಎಂಜಿನ್ನಿನ ಬಲ ಕಡಿಮೆ, ಹಾಗಾಗಿ ಒಬ್ಬರೇ ತಪ್ಪಿಸಿಕೊಂಡು ಮುಂದೆ ಓಡಿಹೋಗಲು ಆಗುವುದಿಲ್ಲ. ಒಬ್ಬರ ಗಾಳಿಯ ಮರೆಯಲ್ಲಿ ಇನ್ನೊಬ್ಬರು ಗುಂಪುಗುಂಪಾಗಿ ಬರುತ್ತಾರೆ, ಒಂದೇ ಲ್ಯಾಪ್‌ನಲ್ಲಿ ಮುಂದಾಳು ಎರಡು ಸಲ ಬದಲಾಗುವುದೂ ಉಂಟು. ಸೀನಿಯರ್ ಫೈನಲ್ ಎಷ್ಟೋ ಸಲ ಅದರ ಮುಂದೆ ಸಪ್ಪೆ.