ಅಲುಗದ ಕ್ಯಾಮೆರಾ, ಬಿಡುವಿಲ್ಲದ ಮನುಷ್ಯ

ಗೇಯಾರ್ಗ್ ಬ್ಯೂಖ್ನರ್ 1837ರಲ್ಲಿ ತೀರಿಕೊಂಡಾಗ ಅವನಿಗೆ 23 ವರ್ಷ. ಅವನ ‘ವೊಯ್ಟ್ಸೆಕ್’ ನಮಗೆ ದಕ್ಕಿರುವುದು ಪೂರ್ತಿ ನಾಟಕವಾಗಿ ಅಲ್ಲ, ಕ್ರಮವೇ ಇತ್ಯರ್ಥವಾಗದ ಬಿಡಿ ದೃಶ್ಯಗಳ ಕರಡಾಗಿ. ಅದು ರಂಗಕ್ಕೆ ಬಂದದ್ದು 1913ರಲ್ಲಿ. ವರ್ನರ್ ಹೆರ್ಝೋಗ್ 1979ರಲ್ಲಿ ಇದನ್ನು ಸಿನಿಮಾ ಮಾಡಿದ. ತನ್ನದೇ ‘ನೊಸ್ಫೆರಾಟು’ ಚಿತ್ರೀಕರಣ ಮುಗಿದ ಕೆಲವೇ ದಿನಗಳಲ್ಲಿ, ದಣಿವಾರದ ಕ್ಲಾಸ್ ಕಿನ್ಸ್ಕಿಯನ್ನೇ ನಾಯಕನನ್ನಾಗಿಸಿಕೊಂಡು, ಜೆಕೊಸ್ಲೊವಾಕಿಯಾದ ಟೆಲ್ಚ್ ಎಂಬ ಪುಟ್ಟ ಊರಿನಲ್ಲಿ 18 ದಿನಗಳಲ್ಲಿ ಚಿತ್ರೀಕರಿಸಿದ. ಒಂದೊಂದು ದೃಶ್ಯವೂ ಬಹುಪಾಲು ಒಂದೇ ಉದ್ದನೆಯ ಶಾಟ್. ಕ್ಯಾಮೆರಾ ಅಲುಗುವುದೇ ಅಪರೂಪ. ಹಾಗಾಗಿ ‘ಇದು ಸಿನಿಮಾ ಅಲ್ಲ, ನಾಟಕದ ಮುಂದೆ ಇಟ್ಟ ಕ್ಯಾಮೆರಾ’ ಎಂದು ದೂರಲು ಅವಕಾಶವಿದೆ. ನನ್ನ ವಾದ ತಿರುವುಮುರುವು: ಈ ಚಿತ್ರ ಗೆಲ್ಲುವುದು ರಂಗದಂತೆ ನಿಂತು ನೋಡುವಾಗ, ಎಡವುವುದು ‘ಸಿನಿಮಾ’ ಆಗಲು ಹೊರಟಾಗ.

ಕ್ಷೌರದ ದೃಶ್ಯವನ್ನೇ ನೋಡಿ. ಕುರ್ಚಿಯಲ್ಲಿ ಕ್ಯಾಪ್ಟನ್, ಅವನ ಗಲ್ಲದ ಮೇಲೆ ವೊಯ್ಟ್ಸೆಕ್‌ನ ಕತ್ತಿ. ಕ್ಯಾಪ್ಟನ್‌ಗೆ ಹೊತ್ತು ಎಷ್ಟು ಮಿಕ್ಕಿದೆಯೆಂದರೆ ಅದನ್ನು ನೆನೆದೇ ಅವನಿಗೆ ದಿಗಿಲು. ನಿಧಾನ, ನಿಧಾನ ಎನ್ನುತ್ತಾನೆ. ವೊಯ್ಟ್ಸೆಕ್‌ಗೆ ಬಿಡುವೇ ಇಲ್ಲ. ಸಿಪಾಯಿ ಸಂಬಳ ಸಾಲದೆ ಕ್ಷೌರ ಮಾಡಬೇಕು, ಕಾಸಿಗಾಗಿ ಡಾಕ್ಟರನ ಪ್ರಯೋಗಕ್ಕೆ ಬರೀ ಬಟಾಣಿ ತಿನ್ನಬೇಕು, ತಂದದ್ದನ್ನು ಸಂಗಾತಿ ಮರಿಯ ಕೈಗಿಟ್ಟು ಮತ್ತೆ ಓಡಬೇಕು. ಇಲ್ಲಿ ಶಾಟ್‌ಗಳನ್ನು ಕತ್ತರಿಸಿ ಜೋಡಿಸಿದ್ದರೆ ಅವನ ಅವಸರವಷ್ಟೇ ಕಾಣುತ್ತಿತ್ತು. ಕತ್ತರಿಸದೆ ಬಿಟ್ಟದ್ದರಿಂದ ಒಂದೇ ಚೌಕಟ್ಟಿನಲ್ಲಿ ಇಬ್ಬರ ಎರಡು ಕಾಲಗಳು ತಿಕ್ಕಾಡುತ್ತವೆ. ಕ್ಯಾಮೆರಾದ ಆ ದಿಟ್ಟಿಸುವಿಕೆಗೆ ಇನ್ನೊಂದು ಅರ್ಥವೂ ಇದೆ. ನಾಟಕಕ್ಕೆ ಮೂಲವಾದ, ಕೊಲೆ ಮಾಡಿದ್ದ ನಿಜ ವೊಯ್ಟ್ಸೆಕ್‌ನನ್ನು ಪರೀಕ್ಷಿಸಿದ ವೈದ್ಯ ಕ್ಲಾರುಸ್, ಅವನ ಬುದ್ಧಿ ನೆಟ್ಟಗಿದೆಯೆಂದು ವರದಿ ಕೊಟ್ಟ. 1824ರಲ್ಲಿ ಲೈಪ್ಜಿಗ್‌ನ ಚೌಕದಲ್ಲಿ ಅವನ ತಲೆ ಹೋಯಿತು. ಹೆರ್ಝೋಗ್‌ನ ಕದಲದ ಕ್ಯಾಮೆರಾ ಅದೇ ವೈದ್ಯನ ಕಣ್ಣು, ಮತ್ತು ಆ ಜಾಗದಲ್ಲಿ ಕೂತಿರುವವರು ನಾವು.

ಕಿನ್ಸ್ಕಿ ಮೊದಲ ದೃಶ್ಯದಿಂದಲೇ ಹುಚ್ಚನಂತಿದ್ದಾನೆ, ಹುಚ್ಚು ಹಿಡಿಸಿದ ಲೋಕದ ಪಾಲು ಇದರಿಂದ ಮರೆಯಾಗುತ್ತದೆ ಎಂಬುದು ಹೆಚ್ಚು ತೂಕದ ಆಕ್ಷೇಪ. ಅರ್ಧ ಒಪ್ಪುತ್ತೇನೆ. ಆ ಕಣ್ಣುಗಳು ಇಳಿಯುವ ದಾರಿಯನ್ನು ಬಿಟ್ಟು ನೇರ ತಳದಿಂದಲೇ ಶುರುಮಾಡುತ್ತವೆ. ಆದರೆ ಇಡೀ ಚಿತ್ರ ಆ ಕಣ್ಣುಗಳಲ್ಲಿ ಮುಳುಗದಂತೆ ತಡೆದವಳು ಮರಿ ಪಾತ್ರದ ಈವಾ ಮಾಟೆಸ್. ತನ್ನನ್ನು ಸೆಳೆಯುವ ಡ್ರಮ್ ಮೇಜರ್‌ನತ್ತ ಅವಳು ನೋಡುವ ನೋಟದಲ್ಲಿ ಪಾಪವಿಲ್ಲ, ಬಡತನಕ್ಕೆ ಬೇಸತ್ತ ದೇಹದ ಸಹಜ ಆಸೆಯಿದೆ. ಅವಳ ಪಕ್ಕದಲ್ಲಿ ನಿಂತಾಗಲೇ ವೊಯ್ಟ್ಸೆಕ್ ಏನನ್ನು ಕಳೆದುಕೊಂಡಿದ್ದಾನೆಂದು ಅಳೆಯಲು ಸಾಧ್ಯ. ಆ ವರ್ಷ ಕಾನ್ ಉತ್ಸವದಲ್ಲಿ ಅವಳಿಗೆ ಪೋಷಕ ನಟಿ ಪ್ರಶಸ್ತಿ ಬಂದದ್ದು ಔದಾರ್ಯವೇನಲ್ಲ.

ಇಷ್ಟು ಬಿಗಿಯಾಗಿ ಹಿಡಿದ ಕಾಲವನ್ನು ಹೆರ್ಝೋಗ್ ಕೊನೆಗೆ, ವೊಯ್ಟ್ಸೆಕ್ ಕೊಳದ ಬಳಿ ಮರಿಯನ್ನು ಇರಿದು ಕೊಲ್ಲುವಲ್ಲಿ, ಕೈಬಿಟ್ಟ. ದೃಶ್ಯ ಸ್ಲೋ ಮೋಷನ್‌ಗೆ ಇಳಿಯುತ್ತದೆ, ಸಂಗೀತ ಮೇಲೇಳುತ್ತದೆ. ಚಿತ್ರದ ಆರಂಭದಲ್ಲಿ ಕವಾಯತು ಮಾಡುವ ವೊಯ್ಟ್ಸೆಕ್‌ನನ್ನು ವೇಗ ಹೆಚ್ಚಿಸಿ ಬೊಂಬೆಯಂತೆ ಕುಣಿಸಿದ್ದಕ್ಕೆ ಇದು ಉತ್ತರ, ಪರರ ಅಪ್ಪಣೆಗೆ ಓಡಿದವನಿಗೆ ಸ್ವಂತದ ಹೊತ್ತು ಸಿಗುವುದು ಇಲ್ಲೊಂದೇ ಕಡೆ ಎಂದು ಸಮರ್ಥಿಸಬಹುದು. ಜಾಣ ಸಮರ್ಥನೆಯೇ. ಆದರೆ ಆ ಹೊತ್ತು ಯಾರ ಲೆಕ್ಕದ್ದು? ಕ್ಯಾಮೆರಾ ಅಪ್ಪಿಕೊಳ್ಳುವುದು ಇರಿಯುವವನ ಮುಖವನ್ನು, ಅವನ ಸಂಕಟವನ್ನು. ಕ್ಷೌರದ ಕುರ್ಚಿಯ ಮುಂದೆ ಇಬ್ಬರಿಗೂ ಸಮನಾಗಿ ಸಿಕ್ಕ ಚೌಕಟ್ಟು ಕೊಳದ ಬಳಿ ಒಬ್ಬನಿಗೇ ಮೀಸಲಾಯಿತು, ಮರಿ ಅದರ ಅಂಚಿಗೆ ಸರಿದಳು.