ಅತಿಯಾಸೆ ಯಾರದು, ಗತಿಗೇಡು ಯಾರದು?

ಪಶ್ಚಿಮದ ಸಿನಿಮಾಗಳಲ್ಲಿ ಚಿನ್ನ ಹುಡುಕಿ ಹೊರಟವನ ಹಣೆಬರಹ ನಮಗೆ ಮೊದಲೇ ಗೊತ್ತು. ಹೋಗ್ತಾನೆ, ಚಿನ್ನ ಸಿಗುತ್ತೆ, ತಲೆ ಕೆಡುತ್ತೆ, ಜೊತೆಗಾರನನ್ನೇ ಮುಗಿಸೋಕೆ ನೋಡ್ತಾನೆ, ಕೊನೆಗೆ ಬರಿಗೈ. ನೋಡಿದವರು 'ಅತಿಯಾಸೆ ಗತಿಗೇಡು' ಅಂದುಕೊಂಡು ಎದ್ದು ಹೋಗುತ್ತಾರೆ. ನನ್ನ ತಕರಾರು ಈ ಗಾದೆಯ ಮೇಲೆಯೇ ಇದೆ. ಹಸಿದವನು ಗುದ್ದಲಿ ಹಿಡಿದು ಹೊರಟರೆ ಅದು ಅತಿಯಾಸೆ. ಒಂದು ನಾಡನ್ನೇ ನುಂಗಿದವರದ್ದು ಮಾತ್ರ ಚರಿತ್ರೆಯೇ?

ಮೊದಲು ನಡೆದದ್ದನ್ನು ನೋಡೋಣ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೋಮದಲ್ಲಿ, ಜಾನ್ ಸಟರ್ ಎಂಬ ಜಮೀನ್ದಾರ ಕಟ್ಟಿಸುತ್ತಿದ್ದ ಮರದ ಮಿಲ್ಲಿನ ಕಾಲುವೆಯಲ್ಲಿ ಚಿನ್ನದ ಚೂರು ಕಂಡವು. ಸಟರ್‌ನ ಹೊಲಗಳಲ್ಲಿ ದುಡಿಯುತ್ತಿದ್ದವರು ಆ ನೆಲದ ಮೂಲನಿವಾಸಿಗಳು. ಅವರಲ್ಲಿ ಎಷ್ಟೋ ಜನರದು ಜೀತದ ಬಾಳು. 1850ರಲ್ಲಿ ಅಲ್ಲಿನ ಸರ್ಕಾರ ಇವರ 'ರಕ್ಷಣೆ'ಗೆ ಅಂತಲೇ ಒಂದು ಕಾನೂನು ತಂದಿತು. ಅದರ ಪ್ರಕಾರ, ಅಲೆದಾಡುತ್ತಿದ್ದಾರೆ ಎಂದು ಹಿಡಿದು ಇವರನ್ನು ದುಡಿಮೆಗೆ ಹರಾಜು ಹಾಕಬಹುದಿತ್ತು! ಚಿನ್ನ ಕಂಡಾಗ ಸುಮಾರು ಒಂದೂವರೆ ಲಕ್ಷ ಇದ್ದ ಆ ಜನ 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದರು. ರೋಗ, ಹಸಿವು, ಬಂದೂಕು. ಚೀನಾದಿಂದ ಬಂದು ಅಗೆದವರ ಪಾಡೂ ಅಷ್ಟೆ. ಬಿಳಿಯನ ವಿರುದ್ಧ ಚೀನೀಯನ ಸಾಕ್ಷಿ ನಡೆಯದು ಎಂದು 1854ರಲ್ಲಿ ಆ ರಾಜ್ಯದ ಪರಮೋಚ್ಚ ನ್ಯಾಯಾಲಯವೇ ತೀರ್ಪು ಕೊಟ್ಟಿತು.

ಇದರಲ್ಲಿ ತೆರೆಯ ಮೇಲೆ ಬಂದದ್ದು ಎಷ್ಟು?

1969ರ 'ಮೆಕೆನ್ನಾಸ್ ಗೋಲ್ಡ್' ಅಮೆರಿಕಕ್ಕಿಂತ ನಮ್ಮ ದೇಶದಲ್ಲೇ ಹೆಚ್ಚು ಹೆಸರು ಮಾಡಿದ ಸಿನಿಮಾ. ಅಪಾಚೆ ಜನರ ಗುಪ್ತ ಕಣಿವೆ, ಸಾಯುವ ಮುದುಕನ ಬಳಿ ಇದ್ದ ನಕ್ಷೆ, ಅದನ್ನು ನೋಡಿ ಸುಟ್ಟ ಬಿಳಿಯ ಮಾರ್ಷಲ್ ಮೆಕೆನ್ನಾ. ಚಿನ್ನ ಅಪಾಚೆಗಳದ್ದು ಅಂತ ಸಿನಿಮಾನೇ ಒಪ್ಪುತ್ತೆ. ಹೆಸರಿನಲ್ಲಿ ಮಾತ್ರ ಅದು ಮೆಕೆನ್ನಾನದ್ದು! ಮುಖ್ಯ ಅಪಾಚೆ ಪಾತ್ರಗಳಿಗೆ ಬಣ್ಣ ಹಚ್ಚಿದವರು ಜೂಲಿ ನ್ಯೂಮಾರ್, ಟೆಡ್ ಕ್ಯಾಸಿಡಿ ಎಂಬ ಬಿಳಿಯರು. ಕೊನೆಗೆ ಕಣಿವೆ ಕುಸಿದು ಆಸೆಬುರುಕರಿಗೆಲ್ಲ ಪಾಠವಾಗುತ್ತದೆ. ಮೆಕೆನ್ನಾ ಹೊರಡುವ ಕುದುರೆಯ ಚೀಲದಲ್ಲಿ ಮಾತ್ರ ಚಿನ್ನ ಉಳಿದಿರುತ್ತದೆ. ಪಾಠ ಒಬ್ಬರಿಗೆ, ಗಂಟು ಇನ್ನೊಬ್ಬರಿಗೆ.

ಜಾನ್ ಹ್ಯೂಸ್ಟನ್‌ನ 'ದಿ ಟ್ರೆಷರ್ ಆಫ್ ದಿ ಸಿಯೆರಾ ಮಾದ್ರೆ' (1948) ಇದಕ್ಕಿಂತ ಬಹಳ ದೊಡ್ಡ ಸಿನಿಮಾ. ಬಿ. ಟ್ರಾವೆನ್‌ನ ಕಾದಂಬರಿಯಿಂದ ಬಂದದ್ದು. ಮೆಕ್ಸಿಕೋದಲ್ಲಿ ಕೆಲಸವಿಲ್ಲದೆ ಭಿಕ್ಷೆ ಬೇಡುವ ಡಾಬ್ಸ್, ಅವನ ಗೆಳೆಯ ಕರ್ಟಿನ್ ಎಣ್ಣೆಬಾವಿಯ ಕೆಲಸಕ್ಕೆ ಹೋಗುತ್ತಾರೆ. ದುಡಿಸಿಕೊಂಡ ಕಂಟ್ರಾಕ್ಟರ್ ಕೂಲಿ ಕೊಡದೆ ಮಾಯವಾಗುತ್ತಾನೆ. ಹೊಡೆದಾಡಿಯೇ ಅದನ್ನು ವಸೂಲಿ ಮಾಡಬೇಕಾಗುತ್ತದೆ. ಬೆಟ್ಟಕ್ಕೆ ಹೋಗುವ ಮೊದಲೇ ಲೂಟಿ ನಡೆದುಹೋಗಿದೆ, ನೋಡಿ! ಮುದುಕ ಹೋವರ್ಡ್ ಇನ್ನೊಂದು ಸತ್ಯ ಹೇಳುತ್ತಾನೆ: ಚಿನ್ನಕ್ಕೆ ಬೆಲೆ ಬಂದದ್ದು ಹುಡುಕಿ ಹುಡುಕಿ ಸಿಗದೇ ಹೋದ ಸಾವಿರಾರು ಜನರ ದುಡಿಮೆಯಿಂದ. ಅಗೆದು ಮುಗಿದ ಮೇಲೆ ಬೆಟ್ಟದ ಗಾಯ ಮುಚ್ಚಿ ಹೋಗೋಣ ಅನ್ನುವವನೂ ಅವನೇ.

ಆದರೆ ಹ್ಯೂಸ್ಟನ್ ಈ ದಾರಿಯಲ್ಲಿ ಕೊನೆತನಕ ನಡೆಯುವುದಿಲ್ಲ. ಕಂಟ್ರಾಕ್ಟರ್ ಒಂದು ದೃಶ್ಯದ ಏಟು ತಿಂದು ಪಾರಾಗುತ್ತಾನೆ. ಹುಚ್ಚು ಹಿಡಿಯುವುದು, ಕೊಲೆಯಾಗುವುದು ಕೂಲಿಯವನಾಗಿದ್ದ ಡಾಬ್ಸ್‌ಗೆ. ಮೆಕ್ಸಿಕೋದ ಬಡವರು ಇಲ್ಲಿ ಒಂದೋ ದರೋಡೆಕೋರರು, ಇಲ್ಲವೇ ಬಿಳಿಯ ಮುದುಕನಿಗೆ ಉಪಚಾರ ಮಾಡುವ ಮುಗ್ಧರು.

ಹಾಗಾಗಿ ನನಗೆ ಚಾಪ್ಲಿನ್‌ನ 'ದಿ ಗೋಲ್ಡ್ ರಶ್' (1925) ಹತ್ತಿರವಾಗುತ್ತದೆ. ಕೆನಡಾದ ಕ್ಲೋಂಡೈಕ್‌ನಲ್ಲಿ ಚಿನ್ನ ಸಿಕ್ಕ 1896ರಲ್ಲಿ, ಲಂಡನ್ನಿನ ಏಳು ವರ್ಷದ ಚಾಪ್ಲಿನ್ ಬಡವರನ್ನು ಕೂಡಿಹಾಕುವ ದುಡಿಮೆಮನೆ ಸೇರಿದ್ದ. ಅವನಿಗೆ ಹಸಿವು ಗೊತ್ತು. ಹಿಮದ ಬೆಟ್ಟ ಹತ್ತುವ ಸಾಲಿನ ದೃಶ್ಯಕ್ಕೆ ನೂರಾರು ಮಂದಿ ನಿರ್ಗತಿಕರನ್ನೇ ರೈಲಿನಲ್ಲಿ ಕರೆತಂದು ನಡೆಸಿದ. ಬೂಟು ಬೇಯಿಸಿ ತಿನ್ನುವವನನ್ನು ನೋಡಿ ನಾವು ನಗುತ್ತೇವೆ. ನಗುತ್ತಲೇ ಹೊಟ್ಟೆಯೊಳಗೆ ಏನೋ ಕಿವುಚುತ್ತದೆ. ಲಕ್ಷಾಧೀಶನಾದ ಮೇಲೂ ಬಿದ್ದ ಸಿಗಾರಿನ ತುಂಡಿಗೆ ಆತ ಬಗ್ಗುತ್ತಾನೆ. ಇಲ್ಲಿ ಉಪದೇಶವಿಲ್ಲ.

ಆದರೂ ಚಾಪ್ಲಿನ್ ಕೂಡ ಒಬ್ಬನನ್ನು ಬಿಟ್ಟ. ಕ್ಲೋಂಡೈಕ್‌ನ ಚಿನ್ನವನ್ನು ಕಂಡವರಲ್ಲಿ ಟ್ಯಾಗಿಷ್ ಬುಡಕಟ್ಟಿನ ಕೇಷ್ ಇದ್ದ. ಮೊದಲು ಕಂಡವನು ಅವನೇ ಎಂದು ಅವನ ಜನ ಇಂದಿಗೂ ಹೇಳುತ್ತಾರೆ. ದಫ್ತರದಲ್ಲಿ ದಾಖಲಾದದ್ದು ಕಾರ್ಮ್ಯಾಕ್ ಎಂಬ ಬಿಳಿಯ ಭಾವನ ಹೆಸರು. ಆ ನದಿಯ ಬಾಯಲ್ಲಿ ಮೀನು ಹಿಡಿಯುತ್ತಿದ್ದ ಹಾನ್ ಜನ ಒಕ್ಕಲೆದ್ದು ಹೋದರು. ಈ ಜನರಿಗೆ ಕತೆಯಲ್ಲಿ ಜಾಗವಿಲ್ಲ.

ನಾವು ಇದನ್ನು ಕೇಳಲೇಬೇಕು, ಯಾಕೆಂದರೆ ನಮ್ಮ ನೆಲದಲ್ಲೂ ಕೋಲಾರವಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. 2001ರಲ್ಲಿ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಅವರಿಗೆ ಸಿಕ್ಕದ್ದು ಕೂಲಿ, ಶ್ವಾಸಕೋಶಕ್ಕೆ ಕಲ್ಲಿನ ಧೂಳು. ಅತಿಯಾಸೆಯ ಗಾದೆಯನ್ನು ಅವರ ಮುಂದೆ ಹೇಳಿ ನೋಡಿ!

ಮೇಷ್ಟ್ರುಗಳಲ್ಲಿ ಒಂದು ಮಾತು. ಈ ಸಿನಿಮಾಗಳನ್ನು ಹುಡುಗರಿಗೆ ಖಂಡಿತ ತೋರಿಸಿ. ಆದರೆ ಹ್ಯೂಸ್ಟನ್‌ನ ಕಂಟ್ರಾಕ್ಟರ್ ಕೂಲಿ ಕದ್ದು ಮಾಯವಾಗುವ ಕಡೆ ಸ್ವಲ್ಪ ನಿಲ್ಲಿಸಿ. ಇಂಥವನನ್ನು ಎಲ್ಲಾದರೂ ನೋಡಿದ್ದೀರಾ ಅಂತ ಕೇಳಿ. ಕೂಲಿಗೆ ಹೋಗುವ ಮನೆಯ ಮಕ್ಕಳೇ ಮೊದಲು ಕೈ ಎತ್ತುತ್ತಾರೆ.