ಬಾಲ್ಯಕ್ಕೆ ಕಟ್ಟಿಹಾಕಿದ ಮನುಷ್ಯ

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವವರಲ್ಲಿ ಹಲವರಿಗೆ ಎರಿಕ್ಸನ್ನರ ಎಂಟು ಹಂತಗಳು ಬಾಯಿಪಾಠ. ಮೊದಲ ವರ್ಷದಲ್ಲಿ ನಂಬಿಕೆ ಇಲ್ಲವೇ ಅಪನಂಬಿಕೆ, ಹದಿಹರೆಯದಲ್ಲಿ ಅಸ್ಮಿತೆ ಇಲ್ಲವೇ ಗೊಂದಲ, ಮುಪ್ಪಿನಲ್ಲಿ ಸಮಗ್ರತೆ ಇಲ್ಲವೇ ಹತಾಶೆ. ಇಡೀ ಬದುಕು ಒಂದು ಪುಟದ ಕೋಷ್ಟಕದಲ್ಲಿ ಮುಗಿದುಹೋಗುತ್ತದೆ. ಫ್ರಾಯ್ಡರ ಐದು ಹಂತಗಳು, ಬೌಲ್ಬಿಯವರ ಬಾಂಧವ್ಯ ಸಿದ್ಧಾಂತ ಅದರ ಆಚೀಚೆಯ ಪುಟಗಳಲ್ಲಿರುತ್ತವೆ. ಪರೀಕ್ಷೆ ಬರೆಯದವರ ಮಾತಿನಲ್ಲೂ ಈ ವಿಚಾರಗಳು ಸೇರಿಕೊಂಡಿವೆ. ಯಾರೋ ಮುಂಗೋಪಿಯಾದರೆ, ಯಾರದೋ ಮದುವೆ ಮುರಿದರೆ ‘ಚಿಕ್ಕಂದಿನಲ್ಲಿ ಏನೋ ಆಗಿರಬೇಕು’ ಎನ್ನುವುದು ಈಗ ಆಪ್ತಸಮಾಲೋಚಕರ ಮಾತಷ್ಟೇ ಅಲ್ಲ, ಟಿ.ವಿ. ಧಾರಾವಾಹಿಗಳ ಮಾತೂ ಹೌದು.

ಈ ಪರಂಪರೆ ಮುಖ್ಯವಾಗಿ ಹೇಳುವುದು ಎರಡು ಸಂಗತಿ. ವ್ಯಕ್ತಿತ್ವದ ಬುನಾದಿ ಮೊದಲ ಕೆಲವು ವರ್ಷಗಳಲ್ಲೇ ಬೀಳುತ್ತದೆ ಎಂಬುದು ಒಂದು. ಬೆಳವಣಿಗೆಗೆ ಗೊತ್ತಾದ ಕ್ರಮವಿದೆ, ಒಂದು ಹಂತದಲ್ಲಿ ಬಾಕಿ ಉಳಿದದ್ದು ಮುಂದೆಲ್ಲೋ ತಲೆ ಎತ್ತುತ್ತದೆ ಎಂಬುದು ಇನ್ನೊಂದು. ನೂರು ವರ್ಷ ದಾಟಿದ ಈ ಚಿಂತನೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ಬದುಕನ್ನು ಅರ್ಥ ಮಾಡಿಕೊಳ್ಳುವ ಓದಾಗಿ ಅದು ದೊಡ್ಡದು. ಯಾರು ಏನಾಗುತ್ತಾರೆಂದು ಮುಂದಾಗಿ ಹೇಳುವ ನಿಯಮವಾಗಿ ಅದು ದುರ್ಬಲ. ಇವನಿನ್ನೂ ಬೆಳೆದಿಲ್ಲ ಎಂದು ತೀರ್ಪು ಕೊಡಲು ಹೊರಟಾಗ ಮಾತ್ರ ಅಪಾಯಕಾರಿ.

ಓದಿನ ಶಕ್ತಿಯೂ ಮಿತಿಯೂ ಒಟ್ಟಿಗೇ ಕಾಣುವುದು ‘ಪುಟ್ಟ ಹಾನ್ಸ್’ ಪ್ರಕರಣದಲ್ಲಿ. 1908ರ ವಿಯೆನ್ನಾ. ಇನ್ನೂ ಐದು ತುಂಬದ ಹುಡುಗನೊಬ್ಬ ಬೀದಿಗಿಳಿಯಲು ಹೆದರತೊಡಗಿದ. ಕುದುರೆ ಕಚ್ಚುತ್ತದೆ ಎಂಬುದು ಅವನ ಭಯ. ಮನೆಯ ಎದುರಿಗೇ ಸುಂಕದ ಗೋದಾಮು, ದಿನವಿಡೀ ಸರಕಿನ ಗಾಡಿಗಳ ಓಡಾಟ. ಭಾರದ ಗಾಡಿ ಎಳೆಯುತ್ತಿದ್ದ ಕುದುರೆಯೊಂದು ಬಿದ್ದು ಕಾಲು ಒದ್ದಾಡಿಸಿದ್ದನ್ನು ಹುಡುಗ ಕಂಡಿದ್ದ. ಅವನ ತಂದೆ ಮ್ಯಾಕ್ಸ್ ಗ್ರಾಫ್ ಸಂಗೀತ ವಿಮರ್ಶಕರು, ಫ್ರಾಯ್ಡರ ಬುಧವಾರದ ಗೋಷ್ಠಿಯ ಸದಸ್ಯರು. ಮಗನ ಮಾತು, ಕನಸು, ಆಟಗಳನ್ನೆಲ್ಲ ಬರೆದುಕೊಂಡು ಅವರು ಫ್ರಾಯ್ಡರಿಗೆ ಒಪ್ಪಿಸುತ್ತಿದ್ದರು. ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ್ದು ಒಂದೇ ಸಲ. ಕುದುರೆಯ ಬಾಯಿಯ ಸುತ್ತಲಿನ ಕಪ್ಪು ಅಪ್ಪನ ಮೀಸೆ, ಕಣ್ಣಿನ ಪಟ್ಟಿ ಅಪ್ಪನ ಕನ್ನಡಕ. ಹುಡುಗ ಹೆದರುವುದು ಕುದುರೆಗಲ್ಲ, ತಾಯಿಯ ಪ್ರೀತಿಗಾಗಿ ತಾನು ಪೈಪೋಟಿಗಿಳಿದ ತಂದೆಗೆ ಎಂದು ಫ್ರಾಯ್ಡ್ ಅರ್ಥ ಹೇಳಿದರು. 1909ರಲ್ಲಿ ಪ್ರಕಟವಾದ ಈ ವರದಿ ಈಡಿಪಸ್ ಸಿದ್ಧಾಂತಕ್ಕೆ ಸಾಕ್ಷಿಯಾಯಿತು.

ಆದರೆ ಅದೇ ವರದಿಯನ್ನು ಮುಂದಿಟ್ಟುಕೊಂಡು ಬೇರೆಯವರು ಬೇರೆಯದನ್ನೇ ಕಂಡರು. 1960ರಲ್ಲಿ ವರ್ತನಾವಾದಿಗಳಾದ ವೊಲ್ಪೆ ಮತ್ತು ರ‍್ಯಾಕ್‌ಮನ್, ಕುದುರೆ ಬಿದ್ದದ್ದನ್ನು ಕಂಡ ಮಗುವಿಗೆ ಕುದುರೆಯ ಭಯ ಹುಟ್ಟಿದರೆ ಅದಕ್ಕೆ ಅಪ್ಪನನ್ನು ಎಳೆದು ತರುವ ಅಗತ್ಯವೇನು ಎಂದು ಕೇಳಿದರು. 1973ರಲ್ಲಿ ಬೌಲ್ಬಿಯವರ ಕಣ್ಣು ಇನ್ನೊಂದು ವಿವರದ ಮೇಲೆ ಬಿತ್ತು. ಬಿಟ್ಟುಹೋಗುತ್ತೇನೆ ಎಂದು ತಾಯಿ ಹೆದರಿಸುತ್ತಿದ್ದರು. ಅಮ್ಮ ಇಲ್ಲವಾದಂತೆ ಕನಸು ಕಂಡು ಹುಡುಗ ಅಳುತ್ತ ಎದ್ದಿದ್ದ. ಹಾಗಾಗಿ ಇದು ಅಗಲಿಕೆಯ ಭಯ ಎಂದರು. ಒಂದು ಮಗು, ಒಂದು ದಾಖಲೆ, ಮೂರು ಸಿದ್ಧಾಂತ. ಮೂರಕ್ಕೂ ಬೇಕಾದ ಸಾಕ್ಷಿ ಅಲ್ಲೇ ಸಿಗುತ್ತದೆ. ಬೇಕೆಂದವರಿಗೆಲ್ಲ ಸಿಗುವ ಸಾಕ್ಷಿ ಯಾರ ಪರವಾಗಿಯೂ ಪುರಾವೆಯಾಗದು. ಹುಡುಗ ಹರ್ಬರ್ಟ್ ಗ್ರಾಫ್ ಮುಂದೆ ಹೆಸರಾಂತ ಒಪೆರಾ ನಿರ್ದೇಶಕರಾದರು. 1922ರಲ್ಲಿ ಅವರು ಫ್ರಾಯ್ಡರನ್ನು ಕಂಡರು. ತಮ್ಮದೇ ಪ್ರಕರಣವನ್ನು ಓದಿದಾಗ ಅದು ತಮ್ಮ ಕಥೆ ಎಂಬ ಗುರುತೇ ಹತ್ತಿರಲಿಲ್ಲ ಎಂದರು. ಇದನ್ನು ಮುಚ್ಚಿಡದೆ ಪ್ರಕರಣಕ್ಕೆ ಹಿನ್ನುಡಿಯಾಗಿ ಸೇರಿಸಿದವರೂ ಫ್ರಾಯ್ಡರೇ.

ಎಲ್ಲವನ್ನೂ ಅಪ್ಪ-ಅಮ್ಮಂದಿರಲ್ಲೇ ಹುಡುಕುವ ಈ ಇಕ್ಕಟ್ಟಾದ ಮನೆಗೆ ಕಿಟಕಿ ತೆರೆದವರು ಎರಿಕ್ ಎರಿಕ್ಸನ್. 1902ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದ ತಂದೆ ಯಹೂದಿ ವೈದ್ಯರು. ಹೊಂಗೂದಲ ಹುಡುಗನನ್ನು ಪ್ರಾರ್ಥನಾ ಮಂದಿರದಲ್ಲಿ ಅನ್ಯಧರ್ಮೀಯನೆಂದೂ ಶಾಲೆಯಲ್ಲಿ ಯಹೂದಿಯೆಂದೂ ಹಂಗಿಸುತ್ತಿದ್ದರು. ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಅಲೆಮಾರಿ ಚಿತ್ರಕಾರ ಅಮೆರಿಕದ ಪೌರತ್ವ ಪಡೆಯುವಾಗ ‘ಎರಿಕ್ಸನ್’ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ಅಸ್ಮಿತೆಯನ್ನು ಮನೋವಿಜ್ಞಾನದ ನಡುಮನೆಗೆ ತಂದವರು ಇವರೇ ಆದದ್ದರಲ್ಲಿ ಆಶ್ಚರ್ಯವಿಲ್ಲ.

1950ರ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ಯಲ್ಲಿ ಅವರು ಮಾಡಿದ ದೊಡ್ಡ ಕೆಲಸ ಎರಡು. ಬೆಳವಣಿಗೆ ಬಾಲ್ಯದಲ್ಲಿ ನಿಲ್ಲುವುದಿಲ್ಲ, ಸಾಯುವವರೆಗೂ ನಡೆಯುತ್ತದೆ ಎಂದರು. ಮನಸ್ಸನ್ನು ಮನೆಯ ಗೋಡೆಯಾಚೆಗೂ ಹುಡುಕಬೇಕು ಎಂದರು. ಅಮೆರಿಕದ ಪೈನ್ ರಿಡ್ಜ್‌ನ ಸೂ ಬುಡಕಟ್ಟಿನ ಮಕ್ಕಳ ಬಗ್ಗೆ ಸರ್ಕಾರಿ ಶಾಲೆಯ ಶಿಕ್ಷಕರು ದೂರು ಹೇಳಿದಾಗ ಎರಿಕ್ಸನ್ ತಾಯಂದಿರ ತಪ್ಪು ಹುಡುಕಿ ಸುಮ್ಮನಾಗಲಿಲ್ಲ. ಕಾಡೆಮ್ಮೆಯ ಬೇಟೆಗೆಂದು ರೂಪುಗೊಂಡಿದ್ದ ಮಕ್ಕಳ ಪಾಲನೆ, ಕಾಡೆಮ್ಮೆಗಳೇ ಇಲ್ಲವಾದ ಮೇಲೆ ದಿಕ್ಕುಗೆಟ್ಟದ್ದನ್ನು ಗುರುತಿಸಿದರು. ಇತಿಹಾಸವೂ ವ್ಯಕ್ತಿತ್ವವನ್ನು ರೂಪಿಸುತ್ತದೆ ಎಂಬ ಈ ಒಳನೋಟದ ಮುಂದೆ ಎಂಟು ಹಂತಗಳ ಕೋಷ್ಟಕ ಸಣ್ಣದು. ಪಠ್ಯಪುಸ್ತಕಗಳು ಉಳಿಸಿಕೊಂಡದ್ದು ಮಾತ್ರ ಕೋಷ್ಟಕವನ್ನು.

ಆ ಕೋಷ್ಟಕಕ್ಕೆ ಒಂದು ಏಣಿಯ ಗುಣವಿದೆ. ಏಣಿ ಎಂದ ಮೇಲೆ ಮೇಲಿನ ಮೆಟ್ಟಿಲಲ್ಲಿ ಯಾರು ನಿಂತಿದ್ದಾರೆಂದು ಕೇಳಲೇಬೇಕು. ಮೊದಲು ಅಸ್ಮಿತೆ, ಆಮೇಲೆ ಆತ್ಮೀಯತೆ ಎಂಬ ಕ್ರಮ ಗಂಡಸರ ಬದುಕನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು ಎಂದು ಹಾರ್ವರ್ಡ್‌ನಲ್ಲಿ ಎರಿಕ್ಸನ್ ಅವರೊಂದಿಗೆ ಪಾಠ ಮಾಡಿದ ಕ್ಯಾರಲ್ ಗಿಲಿಗನ್ 1982ರಲ್ಲಿ ವಾದಿಸಿದರು. ಹೆಣ್ಣುಮಕ್ಕಳಲ್ಲಿ ಇವೆರಡೂ ಹೆಣೆದುಕೊಂಡೇ ಬೆಳೆಯುತ್ತವೆ ಎಂದರು. ಎರಿಕ್ಸನ್‌ರ ಶಿಷ್ಯ ಸುಧೀರ್ ಕಾಕರ್ 1968ರಲ್ಲೇ ಈ ಹಂತಗಳನ್ನು ನಮ್ಮ ಆಶ್ರಮಧರ್ಮದೊಂದಿಗೆ ಹೋಲಿಸಿ ನೋಡಿದ್ದರು. ಹೋಲಿಕೆ ಚೆಂದ. ಆದರೆ ಬ್ರಹ್ಮಚರ್ಯದಿಂದ ಸಂನ್ಯಾಸದವರೆಗಿನ ದಾರಿ ಹೆಂಗಸರದ್ದೂ ಅಲ್ಲ, ಶೂದ್ರರದ್ದೂ ಅಲ್ಲ, ದ್ವಿಜ ಗಂಡಸರದ್ದು. ಎರಡು ವ್ಯವಸ್ಥೆಗಳಿಗೂ ಇರುವ ನಿಜವಾದ ಸಾಮ್ಯ ಬಹುಶಃ ಇದೇ.

ಈ ಏಣಿ ತೀರ್ಪುಗಾರನ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆಯಿದೆ. 1977ರ ‘ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್’ ಪುಸ್ತಕದಲ್ಲಿ ವಿ.ಎಸ್. ನೈಪಾಲ್, ಭಾರತೀಯರ ಅಹಂ ಪೂರ್ತಿ ಬೆಳೆಯದ್ದು ಎಂಬ ಕಾಕರ್ ಅವರ ಮಾತನ್ನು ಆಧಾರವಾಗಿಟ್ಟುಕೊಂಡು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದರು. ಜಾತಿ, ಕುಲ, ವಿಧಿಗಳು ಎಲ್ಲವನ್ನೂ ನಿರ್ಧರಿಸಿಬಿಡುವುದರಿಂದ ಇಲ್ಲಿನವರಿಗೆ ಹೊರಜಗತ್ತನ್ನು ತಾವಾಗಿ ನೋಡಿ ಅಳೆಯುವ ಅಭ್ಯಾಸವಿಲ್ಲ. ಕಾದಂಬರಿಯ ಪ್ರಾಣೇಶಾಚಾರ್ಯರು ಅದಕ್ಕೊಂದು ಮಾದರಿ ಎಂಬುದು ಅವರ ವಾದ. ಕಾದಂಬರಿ ಓದಿದವರಿಗೆ ಇದು ಅರ್ಧ ಸತ್ಯವೆಂದು ತಿಳಿಯುತ್ತದೆ. ನಾರಣಪ್ಪನ ಹೆಣದ ಮುಂದೆ ಶಾಸ್ತ್ರಗ್ರಂಥಗಳೆಲ್ಲ ಕೈಕೊಟ್ಟ ಮೇಲೆ, ಚಂದ್ರಿಯ ಸಂಗವಾದ ಮೇಲೆ, ಆಚಾರ್ಯರು ತಾನು ಮಾಡಿದ್ದು ಆಯ್ಕೆಯೋ ಆಕಸ್ಮಿಕವೋ ಎಂದು ತಮ್ಮೊಳಗೇ ವಾದ ಹೂಡುತ್ತಾರೆ. ಪುಟ್ಟನ ಜೊತೆ ಜಾತ್ರೆಯಲ್ಲಿ ಅಲೆಯುವಾಗ ಒಂದೊಂದು ಹೆಜ್ಜೆಯನ್ನೂ ತೂಗುತ್ತಾರೆ. ಬೆಳೆಯದ ಅಹಂ ಇಷ್ಟು ಜಗಳವಾಡುವುದಿಲ್ಲ. ನಡುವಯಸ್ಸಿನಲ್ಲಿ ಒಬ್ಬ ಮನುಷ್ಯ ತನ್ನನ್ನು ಮೊದಲಿಂದ ಕಟ್ಟಿಕೊಳ್ಳಲು ಹೊರಡುವ ಕಥೆಯನ್ನು ಅವನು ಬೆಳೆದಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಿದ್ದು ವಿಚಿತ್ರ.

ಸ್ವತಃ ಎರಿಕ್ಸನ್ ಕೂಡ ‘ಸಂಸ್ಕಾರ’ದ ಬಗ್ಗೆ ಬರೆದರು, ಕಾಕರ್ ಸಂಪಾದಿಸಿದ ಸಂಕಲನದಲ್ಲಿ. ಅಲ್ಲಿ ಆಚಾರ್ಯರ ತೊಳಲಾಟ ಜೀವನಚಕ್ರದ ಚರ್ಚೆಯ ಭಾಗವಾಗಿ ಬರುತ್ತದೆ. ಯಾವ ನಾಡಿನ ನಡುವಯಸ್ಕನಿಗೂ ಎದುರಾಗಬಹುದಾದ ಬಿಕ್ಕಟ್ಟಾಗಿ. ಪರಂಪರೆ ಒಂದೇ, ಬಳಕೆ ಎರಡು. ಒಂದು ಅಳೆಯಿತು, ಇನ್ನೊಂದು ಓದಿತು.

ಅಳೆಯುವ ಆಸೆ ಬೌಲ್ಬಿಯವರಿಗೂ ಇತ್ತು; ಅವರ ಹೆಚ್ಚುಗಾರಿಕೆ ಎಂದರೆ ಅಳತೆ ತಪ್ಪಿದಾಗ ಒಪ್ಪಿಕೊಂಡದ್ದು. 1944ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು 44 ಬಾಲ ಕಳ್ಳರನ್ನು ಪರಿಶೀಲಿಸಿದ್ದರು. ಯಾರ ಮೇಲೂ ಮಮತೆಯಿಲ್ಲದವರೆಂದು ಕಂಡ 14 ಮಂದಿಯಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ದೂರವಿದ್ದವರು. ಅಂಕಿ ಬೆಚ್ಚಿಬೀಳಿಸುವಂಥದ್ದು. ಆದರೆ ಕಳ್ಳರಾದವರನ್ನು ಹಿಡಿದು ಹಿಂದಕ್ಕೆ ನೋಡಿದರೆ, ಅಂಥದೇ ಬಾಲ್ಯ ಕಳೆದೂ ಕಳ್ಳರಾಗದವರು ಕಾಣುವುದೇ ಇಲ್ಲ. ಮುಂದೆ ಕ್ಷಯದ ಆರೋಗ್ಯಧಾಮದಲ್ಲಿ ತಾಯಿಯಿಲ್ಲದೆ ತಿಂಗಳುಗಟ್ಟಲೆ ಇದ್ದ 60 ಮಕ್ಕಳನ್ನು ಅನುಸರಿಸಿ ನೋಡಿದಾಗ ಹೆಚ್ಚಿನವರಲ್ಲಿ ಅಂಥ ವಿಕೃತಿ ಕಾಣಲಿಲ್ಲ. ಮೊದಲಿನ ಮಾತು ಅತಿಯಾಯಿತೆಂದು ಬೌಲ್ಬಿ ಮತ್ತು ಸಂಗಡಿಗರು 1956ರಲ್ಲಿ ಬರೆದರು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಬಗ್ಗೆ 1952ರಲ್ಲಿ ತೆಗೆದ ಚಲನಚಿತ್ರ ಬ್ರಿಟನ್ನಿನ ಆಸ್ಪತ್ರೆಗಳ ನಿಯಮವನ್ನೇ ಅಲುಗಿಸಿತು. ಮಕ್ಕಳ ವಾರ್ಡಿನ ಬಾಗಿಲು ತಂದೆತಾಯಿಗೆ ಕ್ರಮೇಣ ತೆರೆಯಿತು. ಈ ಪರಂಪರೆ ಲೋಕಕ್ಕೆ ಮಾಡಿದ ಉಪಕಾರಗಳಲ್ಲಿ ಇದು ಮೊದಲ ಸಾಲಿನದು. ಇದಕ್ಕೆ ಮಗುವಿನ ಮೂವತ್ತು ವರ್ಷದ ಭವಿಷ್ಯ ಗೊತ್ತಿರಬೇಕಾಗಿರಲಿಲ್ಲ. ಈ ಹೊತ್ತಿನ ಅಳು ಕಂಡರೆ ಸಾಕಿತ್ತು.

ಮುಂದಕ್ಕೆ ನೋಡಿದ ಅಧ್ಯಯನಗಳು ಏನನ್ನುತ್ತವೆ? ರಾಬರ್ಟ್ಸ್ ಮತ್ತು ಡೆಲ್‌ವೆಕಿಯೊ 2000ದಲ್ಲಿ ಇಂಥ 152 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ವ್ಯಕ್ತಿತ್ವದ ಗುಣಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರ ಎಷ್ಟು ಸ್ಥಿರ ಎಂಬ ಸೂಚ್ಯಂಕ ಬಾಲ್ಯದಲ್ಲಿ 0.31, ಕಾಲೇಜಿನ ವಯಸ್ಸಿನಲ್ಲಿ 0.54, ಮೂವತ್ತರ ಹೊತ್ತಿಗೆ 0.64, ಅದು 0.74ಕ್ಕೆ ಏರಿ ನಿಲ್ಲುವುದು ಐವತ್ತು ದಾಟಿದ ಮೇಲೆ. ಬುನಾದಿ ಐದರೊಳಗೆ ಮುಗಿಯುತ್ತದೆ ಎಂಬ ಮಾತಿಗೆ ಇದು ನೇರ ಉತ್ತರ. ಅವಳಿಗಳ ಅಧ್ಯಯನಗಳಂತೂ ಸ್ವಭಾವದ ವ್ಯತ್ಯಾಸಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಅನುವಂಶೀಯತೆಯನ್ನು ಬೊಟ್ಟುಮಾಡುತ್ತವೆ. ಹುಟ್ಟಿನಿಂದ ಬಂದ ಈ ಪಾಲಿಗೆ ಫ್ರಾಯ್ಡರಿಂದ ಬೌಲ್ಬಿಯವರೆಗೆ ಸಿಕ್ಕ ಗಮನ ಸಾಲದು.

ಹಾಗೆಂದು ಬಾಲ್ಯ ಲೆಕ್ಕಕ್ಕಿಲ್ಲವೆಂದಲ್ಲ. ರೊಮೇನಿಯಾದಿಂದ, ಬಹುಪಾಲು ಅಲ್ಲಿನ ಅನಾಥಾಲಯಗಳಿಂದ, ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ದೊಡ್ಡವರಾಗುವವರೆಗೆ ಅನುಸರಿಸಿದರು. ಆರು ತಿಂಗಳೊಳಗೆ ಹೊರಬಂದವರು ಬಹುಮಟ್ಟಿಗೆ ಚೇತರಿಸಿಕೊಂಡರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದ ಅನೇಕರಿಗೆ ತೊಂದರೆ ಯೌವನದವರೆಗೂ ಬಿಡಲಿಲ್ಲ. ಹಾಗಿದ್ದೂ ಆ ಎರಡನೆಯ ಗುಂಪಿನಲ್ಲೇ ಐದರಲ್ಲೊಂದು ಪಾಲು ಯಾವ ತೊಂದರೆಯೂ ಇಲ್ಲದೆ ಬೆಳೆದರು. ತೀವ್ರ ಅಭಾವ ಗಾಯ ಮಾಡುತ್ತದೆ, ನಿಜ. ಸಾಮಾನ್ಯ ಮನೆಯ ಸಾಮಾನ್ಯ ಕೊರತೆಗಳಿಗೆ ಅದೇ ತರ್ಕ ಹಚ್ಚುವುದು ನ್ಯಾಯವಲ್ಲ.

ಆದ್ದರಿಂದ ಈ ಪರಂಪರೆಯಿಂದ ನಾವು ಉಳಿಸಿಕೊಳ್ಳಬೇಕಾದದ್ದು ಅದರ ಪ್ರಶ್ನೆಗಳನ್ನು. ಈ ಮಗು ಯಾರನ್ನು ನಂಬಿದೆ? ಈ ಹುಡುಗಿಗೆ ತಾನು ಯಾರೆಂದು ಹೇಳಿಕೊಳ್ಳಲು ಅವಕಾಶವಿದೆಯೇ? ಈ ಮುದುಕ ತನ್ನ ಬದುಕನ್ನು ತನ್ನದೆಂದು ಒಪ್ಪಿಕೊಂಡಿದ್ದಾನೆಯೇ? ಇವುಗಳನ್ನು ಇಷ್ಟು ಎಚ್ಚರದಿಂದ ಕೇಳಲು ಕಲಿಸಿದ್ದು ಇವರೇ. ಬಿಡಬೇಕಾದದ್ದು ಉತ್ತರ ಮೊದಲೇ ಗೊತ್ತೆಂಬ ಧಾಟಿಯನ್ನು. ಆ ಧಾಟಿಗೆ ಹೆಚ್ಚು ಬೆಲೆ ತೆತ್ತವರು ತಾಯಂದಿರು; ತಂದೆ, ಬಡತನ, ಶಾಲೆ, ಹುಟ್ಟುಗುಣ ಎಲ್ಲ ಪಕ್ಕಕ್ಕೆ ಸರಿದು ದೋಷವೆಲ್ಲ ಅವರ ಮಡಿಲಿಗೆ ಬಿತ್ತು. ನಮ್ಮ ಮನೆಗಳಲ್ಲಿ ಅಜ್ಜಿ, ಸೋದರತ್ತೆ, ಅಕ್ಕಂದಿರ ತೋಳಲ್ಲೂ ಮಕ್ಕಳು ಬೆಳೆದಿರುವಾಗ ಈ ಲೆಕ್ಕ ಇನ್ನೂ ತಪ್ಪುತ್ತದೆ. ಮೂವತ್ತರ ಮಗ ಸೋತನೆಂದು ಅರವತ್ತರ ತಾಯಿಯನ್ನು ಕಟಕಟೆಗೆ ಹತ್ತಿಸುವಷ್ಟು ಸಾಕ್ಷಿ ಯಾವ ಹಂತ ಸಿದ್ಧಾಂತದ ಬಳಿಯೂ ಇಲ್ಲ.